ಹತ್ತರ ತನಕ

“...ಎಂಟು, ಒಂಬತ್ತು, ಹತ್ತು.” ಅಡುಗೆಮನೆಯ ಸಿಂಕಿನ ಅಂಚು ಹಿಡಿದು ನಿಂತಿದ್ದವಳು ಕೊನೆಯ ಸುತ್ತು ಮುಗಿಸಿ ಕೈ ಒರೆಸಿಕೊಂಡಳು. ಆಗ ಅನ್ನಿಸಿತು, ಮನೆ ಯಾಕೋ ತೀರಾ ಸದ್ದಿಲ್ಲದೆ ಇದೆ ಎಂದು. ಏಳು ತಿಂಗಳ ಮಗ ತೊಟ್ಟಿಲಲ್ಲಿ ನಿದ್ದೆ ಹೋಗಿದ್ದ. ನಡುಮನೆಯ ನೆಲದ ಮೇಲೆ ಬಣ್ಣದ ಪೆನ್ಸಿಲುಗಳು ಹರಡಿದ್ದವು. ನಾಲ್ಕೂವರೆ ವರ್ಷದ ಮಗಳು ಅಲ್ಲಿರಲಿಲ್ಲ.

“ಗುಬ್ಬೀ?” ಬಚ್ಚಲಲ್ಲಿಲ್ಲ, ಮಂಚದ ಕೆಳಗಿಲ್ಲ. ಮುಂಬಾಗಿಲಿನ ಚಿಲಕ ಹಾಕಿರಲಿಲ್ಲ. ಬೆಳಿಗ್ಗೆ ಗಂಡ ಹೊರಟಾಗ ಅವನ ಹಿಂದೆ ಹೋಗಿ ಚಿಲಕ ಹಾಕಬೇಕಾಗಿದ್ದವಳು ಅವಳೇ. ಹಾಕಲು ಏಳಲಾಗಿರಲಿಲ್ಲ.

ಅವಳು ಶಾಲೆಯಲ್ಲಿ ಮಕ್ಕಳಿಗೆ ವ್ಯಾಯಾಮ ಕಲಿಸುವವಳು. ಹೆರಿಗೆಯ ರಜೆ ಮುಗಿದು ಸೋಮವಾರದಿಂದ ಮತ್ತೆ ಕೆಲಸ. ಹೋದ ತಿಂಗಳು ರಜೆಯ ನಡುವೆಯೇ ಒಮ್ಮೆ ಶಾಲೆಗೆ ಹೋಗಿ, ಮಕ್ಕಳ ಮುಂದೆ ಹಗ್ಗ ಹಿಡಿದು ಮೂರೇ ಮೂರು ಸಲ ಜಿಗಿದಿದ್ದಳು. ಒಳಉಡುಪು ಒದ್ದೆಯಾಗಿತ್ತು. “ಮಂಡಿ ಹಿಡ್ಕೊಂಡ್ತು” ಎಂದು ಹಗ್ಗ ಬಿಟ್ಟು ಅಲ್ಲೇ ಕುಳಿತುಬಿಟ್ಟಿದ್ದಳು. ಅಂದಿನಿಂದ ಏನೂ ಆಗದ ಮಂಡಿಗೆ ಗಂಡ ದಿನವೂ ತಾನೇ ಬಿಗಿಪಟ್ಟಿ ಏರಿಸುತ್ತಾನೆ.

“ಏನು ಟೀಚರಮ್ಮ, ನಿನ್ನೆ ಬಲಗಾಲು ಕುಂಟ್ತಾ ಇದ್ರಿ, ಇವತ್ತು ಎಡಗಾಲು?” ಎಂದು ಬೆಳಿಗ್ಗೆ ಕೇಳಿದ್ದ.

“ನೋವು ಆ ಕಡೆ ಹೋಗಿದೆ.”

“ಹಾಗೇ ಬಾಗಿಲ ಕಡೆಗೂ ಹೋಗು ಅನ್ನು ಅದಕ್ಕೆ.”

ನಗು ಉಕ್ಕಿ ಬಂದಿತ್ತು. ಅವಳು ಕಾಲ ಮೇಲೆ ಕಾಲು ಬಿಗಿದು, ತುಟಿ ಕಚ್ಚಿ, ಕುರ್ಚಿಯಿಂದ ಏಳದೆ ಕುಳಿತಿದ್ದಳು. “ಈ ಮನೇಲಿ ತಮಾಷೆನೂ ಮಾಡೋ ಹಾಗಿಲ್ಲಪ್ಪ” ಎಂದು ಅವನು ಮುಖ ಸಣ್ಣದು ಮಾಡಿಕೊಂಡು ಹೋಗಿದ್ದ. ಕರೆದು ಹೇಳಿಬಿಡಬಹುದಿತ್ತು. ಯಾವ ಮಾತಿನಿಂದ ಶುರು ಮಾಡುವುದೆಂದು ಹುಡುಕುವಷ್ಟರಲ್ಲಿ ಅವನ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಗಿತ್ತು.

ಹೇಳಿದ್ದು ಫಿಸಿಯೋಥೆರಪಿಯ ಹೆಂಗಸಿಗೆ ಮಾತ್ರ. “ಎರಡು ಹೆರಿಗೆ ಆದ್ಮೇಲೆ ತಳದ ಸ್ನಾಯು ಸಡಿಲ ಆಗಿರುತ್ತೆ, ಅಷ್ಟೇ. ಮೂತ್ರ ತಡೆಯೋ ಹಾಗೆ ಒಳಗಿಂದ ಮೇಲಕ್ಕೆ ಎಳ್ಕೊಳ್ಳಿ. ಹತ್ತು ಎಣಿಸಿ, ಬಿಡಿ. ಅಷ್ಟೇ ಹೊತ್ತು ಸುಮ್ನಿದ್ದು ಮತ್ತೆ ಒಂದರಿಂದ. ಉಸಿರು ಹಿಡೀಬೇಡಿ, ಅದಕ್ಕೇ ಜೋರಾಗಿ ಎಣಿಸಿ. ಮೂರು ತಿಂಗಳಾದ್ರೂ ಬೇಕು. ಒಂದು ಅನುಕೂಲ ಏನಂದ್ರೆ, ಎದುರಿಗೆ ಕೂತವರಿಗೂ ಗೊತ್ತಾಗಲ್ಲ.”

ಈಗ ಅವಳು ಎರಡೆರಡು ಮೆಟ್ಟಿಲು ಹಾರುತ್ತ ಕೆಳಗಿಳಿದಳು.

“ಅಯ್ಯೋ ಟೀಚರ್, ಮಂಡಿ ನೋವು ಅಂದ್ರಲ್ಲ, ಹೀಗೆ ಓಡ್ತಿದ್ದೀರಿ!” ಎಂದಳು ಕೆಳಗಿನ ಅಂಗಡಿಯ ಟೈಲರ್ ಹೆಂಗಸು.

“ಗುಬ್ಬಿ ಬಂದ್ಲಾ ಇಲ್ಲಿ?”

“ಇಲ್ವಲ್ಲ. ಬೆಳಿಗ್ಗೆಯಿಂದ ಮೆಟ್ಟಿಲ ಎದುರಿಗೇ ಹೊಲೀತಾ ಕೂತಿದ್ದೀನಿ. ನಿಮ್ಮ ಯಜಮಾನ್ರು ಬಿಟ್ರೆ ಒಂದು ಬೆಕ್ಕೂ ಇಳಿದಿಲ್ಲ.”

ಹಾಗಾದರೆ ಮನೆಯಲ್ಲೇ. ತೊಟ್ಟಿಲಿನ ಮಗು ಒಂಟಿಯಾಗಿದೆಯೆಂಬುದು ಆಗ ನೆನಪಾಗಿ ಬಂದ ವೇಗದಲ್ಲೇ ಮೇಲಕ್ಕೋಡಿದಳು. ಕೊನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ತೊಡೆಯವರೆಗೂ ಒದ್ದೆ. ಮಗ ಮಲಗಿದ ಹಾಗೇ ಮಲಗಿದ್ದ. ಕೋಣೆಯಲ್ಲಿ ಬಟ್ಟೆಯ ಕಪಾಟೊಂದು ಹುಡುಕದೆ ಉಳಿದಿತ್ತು. ಬಾಗಿಲು ಎಳೆದಳು.

ಗಂಡನ ಕೋಟುಗಳ ಕೆಳಗೆ ಗುಬ್ಬಿ ಮಂಡಿ ಮಡಚಿ ಕುಳಿತಿದ್ದಳು. ಪಕ್ಕದಲ್ಲಿ ಅವಳ ಪುಟ್ಟ ದಿಂಬು, ಬಾಲವಿಲ್ಲದ ಬಟ್ಟೆಯ ಆನೆ, ಎಷ್ಟೋ ದಿನದ ಬಿಸ್ಕತ್ತಿನ ಚೂರುಗಳು. ಬೆವರಿದ ಮುಖದ ತುಂಬ ಗೆಲುವು.

“ಕೊನೆಗೂ ಬಂದ್ಯಾ!”

“ಕೂಗಿದ್ದು ಕೇಳಿಸಲಿಲ್ವೇನೇ?”

“ಬಚ್ಚಿಟ್ಕೊಂಡವರು ಮಾತಾಡಬಾರ್ದು.”

“ಯಾರು ಹೇಳಿದ್ರು ನಿಂಗೆ ಬಚ್ಚಿಟ್ಕೋ ಅಂತ?”

“ನೀನೇ ಎಣಿಸ್ತೀಯಲ್ಲ! ದಿನಾ ಎಣಿಸ್ತೀಯ. ನಾನು ದಿನಾ ಬಚ್ಚಿಟ್ಕೋತೀನಿ. ನೀನು ಹುಡುಕೋಕೇ ಬರಲ್ಲ. ಸಾಕಾಗಿ ನಾನೇ ಆಚೆ ಬರ್ತೀನಿ. ಇವತ್ತು ನೀನು ಬರೋ ತನಕ ಬರಬಾರ್ದು ಅಂತ ಕೂತಿದ್ದೆ.”

ಅವಳು ಮಗಳನ್ನು ಹೊರಗೆಳೆದು ಅವುಚಿಕೊಂಡಳು. ಗುಬ್ಬಿ ಕೊಸರಿಕೊಂಡು ಹಿಂದೆ ಸರಿದಳು. “ಅಮ್ಮಾ, ನಿನ್ನ ಪ್ಯಾಂಟು...”

“ನೀರು ಚೆಲ್ಲಿತು.”

“ನಾನೂ ಹಾಗೇ ಹೇಳ್ತೀನಿ” ಎಂದಳು ಗುಬ್ಬಿ, ದೊಡ್ಡವಳ ಹಾಗೆ. “ಈಗ ನೀನು ಬಚ್ಚಿಟ್ಕೋ. ನಾನು ಎಣಿಸ್ತೀನಿ, ನಿನ್ನ ಥರಾನೇ.”

ಬಟ್ಟೆ ಬದಲಿಸಿಕೊಂಡು ಅವಳು ಕಪಾಟಿನೊಳಗೆ ಮುದುರಿ ಕುಳಿತು ಬಾಗಿಲು ಎಳೆದುಕೊಂಡಳು. ಕತ್ತಲು. ಕೋಟಿನ ತೋಳೊಂದು ಕೆನ್ನೆಗೆ ತಾಗುತ್ತಿತ್ತು. ಗಂಡನ ಸೋಪಿನ ವಾಸನೆ. ಅಡುಗೆಮನೆಯಿಂದ ಮಗಳ ದನಿ ಕೇಳಿಸಿತು: “ಒಂದು, ಎರಡು...” ಆ ದನಿಗೆ ಅವಳ ಒಳಗಿನ ಸ್ನಾಯು ತಾನಾಗಿ ಬಿಗಿಯಿತು. ಹತ್ತಕ್ಕೆ ಸಡಿಲವಾಯಿತು.

ಇನ್ನು ಬರುತ್ತಾಳೆ. ಅವಳು ಕಿವಿಗೊಟ್ಟು ಕಾದಳು. ಹೆಜ್ಜೆಯ ಸದ್ದಿಲ್ಲ. ಸರಿಯಾಗಿ ಹತ್ತು ಎಣಿಸುವಷ್ಟು ಹೊತ್ತು ಮನೆಯೆಲ್ಲ ಸುಮ್ಮನಿತ್ತು.

ಆಮೇಲೆ ಅಡುಗೆಮನೆಯಿಂದ ಅದೇ ಪುಟ್ಟ ದನಿ ಮತ್ತೆ ಶುರುವಾಯಿತು: “ಒಂದು, ಎರಡು, ಮೂರು...”