ಇಪ್ಪತ್ತೇಳನೆಯ ಸಾಲು

ಇಪ್ಪತ್ತೇಳನೆಯ ಸಾಲಿನ ಮೇಲೆ ಹುಡುಗಿಯ ಬೆರಳು ನಿಂತುಬಿಟ್ಟಿತು. ವಯಸ್ಸು ನಲವತ್ತಾರು, ಹೆಂಗಸು, ಬಣ್ಣ ಹಾಕುವ ವಿಭಾಗ, ಹತ್ತೊಂಬತ್ತು ವರ್ಷದ ಕೆಲಸ, ಎಡಗೈಯಲ್ಲಿ ಎರಡು ಬೆರಳಿಲ್ಲ. ಹೆಸರು ಅಳಿಸಿದ್ದರು. ಆ ಕೈಯಿಂದ ಜಡೆ ಹಾಕಿಸಿಕೊಂಡು ಬೆಳೆದವಳಿಗೆ ಹೆಸರು ಬೇಕಿರಲಿಲ್ಲ. ಮುಂದಿನ ಕಾಲಂನಲ್ಲಿ 'ಶ್ವಾಸಕೋಶದಲ್ಲಿ ಗಡ್ಡೆ: ಇದೆ' ಎಂದಿತ್ತು.

ಡೇಟಾ ಸೈನ್ಸ್ ಪದವಿಗೆ ಸೇರುವವರಿಗಾಗಿ ನಡೆಸುತ್ತಿದ್ದ ಬೇಸಿಗೆ ತರಗತಿಯ ಮೂರನೇ ದಿನ ಅದು. ಅಭ್ಯಾಸಕ್ಕೆಂದು ಮೇಷ್ಟ್ರು ಒಂದು ಬಟ್ಟೆ ಕಾರ್ಖಾನೆಯ ಆರೋಗ್ಯ ತಪಾಸಣೆಯ ಪಟ್ಟಿ ಕೊಟ್ಟಿದ್ದರು. ಹೋದ ವರ್ಷ ಆ ತಪಾಸಣೆ ಮುಗಿಸಿ ಬಂದ ಅಮ್ಮ, "ನಾನು ಗುಂಡುಕಲ್ಲಿನ ಥರ ಇದೀನಂತೆ ಕಣೇ" ಎಂದು ನಕ್ಕಿದ್ದಳು.

"ಸರ್, ಇದು ನಿಜವಾದ ಪಟ್ಟೀನಾ?"

"ನಿಜದ್ದೇ. ಕಾರ್ಖಾನೆಯವರೇ ಕೊಟ್ಟಿದ್ದು. ಯಾಕಮ್ಮ?"

ಅವಳು ಬೆಳಿಗ್ಗೆಯಷ್ಟೇ ಕಲಿತಂತೆ ಬಣ್ಣ ಹಾಕುವವರನ್ನು ಮಾತ್ರ ಬೇರ್ಪಡಿಸಿದಳು. ಮೂವತ್ತೊಂದು ಜನ. ಇಪ್ಪತ್ತಾರು ಜನರ ಮುಂದೆ 'ಇದೆ'. ಅದರ ಪಕ್ಕದ 'ಕೆಲಸಗಾರರಿಗೆ ತಿಳಿಸಲಾಗಿದೆಯೇ' ಎಂಬ ಕಾಲಂನಲ್ಲಿ ಮೇಲಿಂದ ಕೆಳಗಿನವರೆಗೂ 'ಇಲ್ಲ'. ಮೇಷ್ಟ್ರು ಬಗ್ಗಿ ನೋಡಿದರು. "ನಾನು ಇದನ್ನ ಪೂರ್ತಿ ನೋಡಿರಲಿಲ್ಲ..." ಎಂದು ತೊದಲಿದರು.

ಅಷ್ಟರಲ್ಲಿ ಅವಳು ಹೊರಗೋಡಿ ಫೋನ್ ಮಾಡಿದ್ದಳು. ಯಂತ್ರಗಳ ಗದ್ದಲದ ನಡುವೆ ಅಮ್ಮನ ದನಿ ಕೇಳಿಸಿತು. "ಬೇಗ ಹೇಳೇ, ಬಣ್ಣದ ತೊಟ್ಟಿ ಮುಚ್ಚಳ ತೆಗೀತಿದೀನಿ. ಸೂಪರ್‌ವೈಸರ್ ಬೇರೆ ಇಲ್ಲೇ ನಿಂತಿದಾರೆ."

"ಅಮ್ಮಾ, ಅದನ್ನ ಮುಟ್ಟಬೇಡ. ಅವರಿಗೇನೂ ಹೇಳಬೇಡ. ಸುಮ್ನೆ ಹೊರಗೆ ಬಾ, ಜೊತೆಗಿರೋರನ್ನೆಲ್ಲ ಕರ್ಕೊಂಡು ಬಾ."