ಎಡಕ್ಕೆ ಎಳೆಯುವ ಸ್ಟೇರಿಂಗ್

ಮೆಕ್ಯಾನಿಕ್ ಚೆಲುವಯ್ಯ ಕಾರಿನಡಿಯಿಂದ ಹೊರಬಂದು ಕೈ ಒರೆಸಿಕೊಂಡ.

"ಎಡಗಡೆ ಲೋಯರ್ ಆರ್ಮ್ ಬಗ್ಗಿದೆ, ಟೈ ರಾಡೂ ಸೊಟ್ಟಗಾಗಿದೆ. ಅದಕ್ಕೇ ಸ್ಟೇರಿಂಗ್ ಎಡಕ್ಕೆ ಎಳೀತಿರೋದು. ಫುಟ್‌ಪಾತಿಗೆ ಸವರಿದ್ದಲ್ಲ ಸಾರ್ ಇದು, ನೇರ ಹತ್ತಿಸಿರೋದು."

"ಎಲ್ಲಾ ಇವಳಿಂದ್ಲೇ," ಎಂದು ಕಾರಿನ ಯಜಮಾನ ಹೆಂಡತಿಯತ್ತ ಕೈ ತೋರಿಸಿ, ನೆಲಕ್ಕೆ ಗುಟ್ಕಾ ಉಗಿದ. "ದರಿದ್ರದವಳು! ಹೊಸ ಗಾಡಿ ಹಾಳಾಯ್ತು."

ಆಕೆ ಮೂಲೆಯ ಸ್ಟೂಲಿನ ಮೇಲೆ ತಲೆತಗ್ಗಿಸಿ ಕೂತಿದ್ದಳು. ಕಟ್ಟಿಕೊಂಡವಳನ್ನು ಕಂಡವರೆದುರು ಹೀಗೆ ಬೈಯುವ ಗಂಡಸರೆಂದರೆ ಚೆಲುವಯ್ಯನಿಗೆ ಹೇಸಿಗೆ. ಗಂಡ ಫೋನ್ ಬಂತೆಂದು ಆಚೆ ಹೋದಮೇಲೆ ಮೆಲ್ಲಗೆ ಕೇಳಿದ:

"ಇರ್ಲಿ ಬಿಡವ್ವ, ಕಲಿಯೋವಾಗ ಇವೆಲ್ಲ ಆಗ್ತವೆ. ಆದ್ರೆ ಬ್ರೇಕ್ ಯಾಕೆ ಹಾಕ್ಲಿಲ್ಲ?"

ಆಕೆ ತಲೆ ಎತ್ತಲಿಲ್ಲ.

"ನಾನು ಗಾಡೀಲಿ ಇರ್ಲಿಲ್ಲಣ್ಣ. ಫುಟ್‌ಪಾತ್ ಮೇಲೆ ನಿಂತಿದ್ದೆ."