ಕೊಳವೆಯಲ್ಲಿ ಉಳಿದದ್ದು

ಪ್ಲಂಬರ್ ಚರಂಡಿ ಪೈಪಿನೊಳಗೆ ಬಿಟ್ಟಿದ್ದ ತಂತಿಯನ್ನು ಎಳೆದಾಗ ಬೇರಿನ ದೊಡ್ಡ ಜೊಂಪೆಯೊಂದು ಚೇಂಬರಿನ ಬಾಯಿಗೆ ಬಂದು ಸಿಕ್ಕಿಕೊಂಡಿತು. "ನೋಡಿ ಮೇಷ್ಟ್ರೇ, ಬೇಸಿಗೇಲಿ ಮರಕ್ಕೂ ಬಾಯಾರಿಕೆ. ನೀರು ಹುಡುಕ್ಕೊಂಡು ಪೈಪಿಗೇ ನುಗ್ಗುತ್ತೆ," ಎಂದವನು ಬಗ್ಗಿ ನೋಡಿದ. ಬೇರಿನ ತುಂಬ ಮೊಳದುದ್ದದ ಕಪ್ಪು ಕೂದಲು ಸುತ್ತಿಕೊಂಡಿತ್ತು. "ಮನೇಲಿ ಯಾರಿಗೆ ಇಷ್ಟುದ್ದ ಕೂದಲು?"

"ಈಗ ಯಾರಿಗೂ ಇಲ್ಲ," ಎಂದರು ಮೇಷ್ಟ್ರು.

ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಕ್ಯಾನ್ಸರಿಗೆ ಆಸ್ಪತ್ರೆಯ ಔಷಧಿ ಶುರುವಾದ ಆ ಬೇಸಿಗೆಯಲ್ಲಿ ಅವಳು ಬಚ್ಚಲ ಬಾಗಿಲು ಹಾಕಿಕೊಂಡು ಗಂಟೆಗಟ್ಟಲೆ ನಲ್ಲಿ ಬಿಟ್ಟಿರುತ್ತಿದ್ದಳು. "ನೀರಿಗೆ ಇಷ್ಟು ತತ್ವಾರ ಇರೋವಾಗ ಏನೇ ಇದು?" ಎಂದು ಇವರು ಹೊರಗಿನಿಂದ ಗದರುತ್ತಿದ್ದರು. ಕೊನೆಗೊಂದು ದಿನ ಬೋಳುತಲೆಯಲ್ಲಿ ಹೊರಬಂದು, "ಸೆಖೆ ಕಣ್ರೀ, ನಾನೇ ತೆಗೆದುಬಿಟ್ಟೆ" ಎಂದು ನಕ್ಕಿದ್ದಳು. ನಂಬುವುದೇ ಸುಲಭವೆನಿಸಿ ಇವರೂ ನಂಬಿದ್ದರು.

"ಇನ್ನೂ ಒಳಗೆ ಸಿಕ್ಕೊಂಡಿದೆ," ಎಂದು ಪ್ಲಂಬರ್ ಆ ಕೂದಲನ್ನು ಮುಷ್ಟಿಗೆ ಸುತ್ತಿಕೊಂಡು, ಕಾಲು ಊರಿ ಬಲವಾಗಿ ಜಗ್ಗಿದ. ಮೇಷ್ಟ್ರು ತಮಗೇ ತಿಳಿಯದಂತೆ ಅವನ ಮಣಿಕಟ್ಟನ್ನು ಹಿಡಿದುಕೊಂಡರು.

"ಮೆಲ್ಲಗಪ್ಪಾ," ಎಂದರು. "ಅವಳಿಗೆ ನೋಯುತ್ತೆ."